ಹದಿಮೂರರ ಕೈಗೆ ಯಾವ ಮಾಯಾಲೋಕ? ಕೆಲವು ಫ್ಯಾಂಟಸಿ ಕಾದಂಬರಿಗಳ ಹೋಲಿಕೆ

ಆ ಪುಸ್ತಕದ 37ನೇ ಪುಟದಲ್ಲಿ ಒಂದು ಬಸ್ ಟಿಕೆಟ್ ಇತ್ತು. ಸಾಗರದಿಂದ ಶಿವಮೊಗ್ಗಕ್ಕೆ ಹೋದ ಟಿಕೆಟ್. ಅಕ್ಕನ ಮಗಳಿಗೆ ಹದಿಮೂರು ತುಂಬಿದಾಗ ನಾನೇ ಕಳಿಸಿದ್ದ ಪುಸ್ತಕ ಅದು, ಫಿಲಿಪ್ ಪುಲ್‌ಮನ್ ಬರೆದ 'ನಾರ್ದರ್ನ್ ಲೈಟ್ಸ್'. ಹದಿಹರೆಯದವರಿಗೆ ಅಂತ ಬಂದ ಫ್ಯಾಂಟಸಿಗಳಲ್ಲಿ ಅದರ ಸಮಕ್ಕೆ ನಿಲ್ಲುವವು ಬೆರಳೆಣಿಕೆಯಷ್ಟು ಅಂತ ನನ್ನ ಲೆಕ್ಕ. ಆರು ತಿಂಗಳಾದ ಮೇಲೆ ಅವರ ಮನೆಗೆ ಹೋದಾಗ ನೋಡುತ್ತೇನೆ, ಟಿಕೆಟ್ ಅಲ್ಲೇ ಇದೆ. ಪುಸ್ತಕ ಮಾತ್ರ ಮಳೆಗಾಳಿಗೆ ಕಿಟಕಿ ಬಡಿಯದ ಹಾಗೆ ಒತ್ತಿಡಲು ಕೆಲಸಕ್ಕೆ ಬಂದಿದೆ.

"ಯಾಕೆ ಪುಟ್ಟಿ, ಓದಲಿಲ್ವಾ?" ಅಂದೆ.

"ಚಿಕ್ಕಿ, ಅದು ಶುರುನೇ ಆಗಲ್ಲ," ಅಂದಳು.

ಮೊದಲು ಸಿಟ್ಟು ಬಂತು. ವಾಪಸ್ ಬರುವಾಗ ರೈಲಿನಲ್ಲಿ ಕೂತು ಯೋಚಿಸಿದರೆ ತಪ್ಪು ನನ್ನದೇ. ನಾನು ಒಳ್ಳೆಯ ಪುಸ್ತಕ ಆರಿಸಿದ್ದೆ, ಅವಳನ್ನು ನೆನೆಸಿಕೊಂಡು ಆರಿಸಿರಲಿಲ್ಲ. ಅಳತೆ ತೆಗೆದುಕೊಳ್ಳದೆ ಲಂಗ ಹೊಲಿಸಿದ ಹಾಗೆ. ಅದಾಗಿ ಮೂರು ವರ್ಷ ಆಯಿತು. ನಾವಿಬ್ಬರೂ ಜೊತೆಗೆ ಓದಿದ್ದೇವೆ, ಜಗಳ ಆಡಿದ್ದೇವೆ, ಕೆಲವನ್ನು ಅರ್ಧಕ್ಕೇ ಬಿಟ್ಟಿದ್ದೇವೆ. ಮನೆಯಲ್ಲಿ ಇಂಥ ವಯಸ್ಸಿನ ಮಕ್ಕಳಿರುವವರು, ಅಥವಾ ನಲವತ್ತಾದ ಮೇಲೂ ಇಂಥ ಪುಸ್ತಕ ಓದಲು ನಾಚಿಕೆಪಡದ ನನ್ನಂಥವರು, ಯಾವುದರಿಂದ ಶುರು ಮಾಡುವುದು ಅಂತ ಕೇಳಿದರೆ ನಾನು ಹೇಳುವುದು ಇಷ್ಟು.

ವಯಸ್ಸು ಬಿಡಿ, ಇವನ್ನು ನೋಡಿ

ಈ ಪುಸ್ತಕಗಳಿಗೆ 'ಯಂಗ್ ಅಡಲ್ಟ್' ಅಂತ ಹೆಸರು. ಓದುವವರ ಬಾಯಲ್ಲಿ ಸುಮ್ನೆ ವೈಎ. 12ರಿಂದ 18 ವರ್ಷದವರಿಗೆ ಅಂತ ಲೆಕ್ಕ. ತೊಡಕು ಇರುವುದೇ ಇಲ್ಲಿ. ಏಳನೇ ಕ್ಲಾಸಿನ ಹುಡುಗಿಯೂ ಪಿಯುಸಿ ಮುಗಿಸಿದವಳೂ ಒಂದೇ ಕಪಾಟಿನ ಮುಂದೆ ನಿಂತಿರುತ್ತಾರೆ.

ಅದಕ್ಕೇ ನಾನು ವಯಸ್ಸಿನ ಬದಲು ಬೇರೆ ಮೂರು ವಿಷಯ ನೋಡುತ್ತೇನೆ. ಮೊದಲ ಐವತ್ತು ಪುಟದಲ್ಲಿ ಏನಾದರೂ ಆಗುತ್ತದಾ, ಇಲ್ಲ ಲೋಕ ಕಟ್ಟುವುದರಲ್ಲೇ ಮುಗಿಯುತ್ತದಾ? ಇಂಗ್ಲಿಷ್ ಎಷ್ಟು ಗಟ್ಟಿ? ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಕಷ್ಟದ ಪದಗಳಿಗಿಂತ ಆಡುಮಾತೇ ಜಾಸ್ತಿ ತೊಡಕು. ಮೂರನೆಯದು ನನ್ನ ಸ್ವಂತದ್ದು. ಆ ಲೋಕದಲ್ಲಿ ಮಾಯೆಗೆ ಬೆಲೆ ಏನು?

ಇದು ನಮಗೆ ಹೊಸ ಪ್ರಶ್ನೆ ಏನಲ್ಲ. ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ ಜನಪದ ಕಥೆಗಳಲ್ಲಿ ಹೂವಿನ ಮರವಾಗುವ ಹುಡುಗಿಯದ್ದು ಒಂದಿದೆ. ಎರಡು ಕೊಡ ನೀರು. ಒಂದು ಕೊಡ ಸುರಿದರೆ ಹುಡುಗಿ ಮರವಾಗುತ್ತಾಳೆ. ಮೈಗೆ ನೋವಾಗದ ಹಾಗೆ ಹೂವು ಕೀಳಬೇಕು. ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಮುಂದೆ ನಾದಿನಿಯ ಗೆಳತಿಯರು ಆಸೆಬುರುಕತನದಿಂದ ರೆಂಬೆಗಳನ್ನೇ ಮುರಿಯುತ್ತಾರೆ. ಅವಳು ವಾಪಸ್ ಬರುವಾಗ ಕೈಯಿಲ್ಲ, ಕಾಲಿಲ್ಲ. ಸಣ್ಣವಳಿದ್ದಾಗ ಈ ಕಥೆ ಕೇಳಿ ನಾನು ಎರಡು ದಿನ ಮಲ್ಲಿಗೆ ಕೀಳಲಿಲ್ಲ. ಮಾಯೆ ಮನಸ್ಸಿನಲ್ಲಿ ಉಳಿಯುವುದು ಹೂವಿನಿಂದಲ್ಲ, ಮುರಿದ ರೆಂಬೆಯಿಂದ.

ಕೆಲವು ಮಕ್ಕಳಿಗೆ ಹದಿಮೂರಕ್ಕೇ ಆ ರೆಂಬೆ ಬೇಕು. ಕೆಲವರಿಗೆ ಇನ್ನೆರಡು ವರ್ಷ ಹೂವು ಸಾಕು. ಅದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಓದಿನ ರುಚಿ ಹತ್ತದವರಿಗೆ: ಪರ್ಸಿಯೋ, ಹ್ಯಾರಿಯೋ?

ಎಲ್ಲರೂ ಮೊದಲು ಹೇಳುವ ಹೆಸರು ಹ್ಯಾರಿ ಪಾಟರ್. 1997ರಿಂದ 2007ರವರೆಗೆ ಏಳು ಪುಸ್ತಕ. ಓದುವವರ ಜೊತೆಗೇ ಬೆಳೆಯುವ ಸರಣಿ ಅದು. ಬ್ರಿಟಿಷ್ ಆವೃತ್ತಿಯಲ್ಲಿ ಮೊದಲನೆಯದು 223 ಪುಟ, ಐದನೆಯದು 766. ಆದರೆ ಇವತ್ತಿನ ಮಕ್ಕಳಲ್ಲಿ ಬಹಳಷ್ಟು ಜನ ಸಿನಿಮಾ ನೋಡಿಯೇ ಬಂದಿರುತ್ತಾರೆ. ಕಥೆ ಗೊತ್ತಿದ್ದವರಿಗೆ ಮೊದಲ ಪುಸ್ತಕದ ಮಜಾ ಅರ್ಧ ಹೋದ ಹಾಗೇ. ಇನ್ನೊಂದು ಮಾತು, ಅಭಿಮಾನಿಗಳು ಬೈಯಲಿ ಪರವಾಗಿಲ್ಲ: ಅಲ್ಲಿ ಮಾಯೆ ಅಗ್ಗ. ಕೋಲು ಬೀಸಿ ಮಂತ್ರ ಹೇಳಿದರೆ ಆಯಿತು, ಆಮೇಲೆ ಸುಸ್ತು ಕೂಡ ಇಲ್ಲ. ಅಲ್ಲಿ ಬೆಲೆ ತೆರಬೇಕಾಗಿ ಬರುವುದು ಗೆಳೆತನಕ್ಕೆ, ಪ್ರೀತಿಗೆ. ಅದು ಕಡಿಮೆಯದಲ್ಲ, ಆದರೆ ಅದರ ಭಾರ ಗೊತ್ತಾಗುವಷ್ಟರಲ್ಲಿ ಮೂರು ಪುಸ್ತಕ ದಾಟಿರುತ್ತದೆ.

ಪುಸ್ತಕ ಅಂದರೆ ಓಡಿಹೋಗುವ ಮಗುವಾದರೆ ನಾನು ಕಣ್ಣು ಮುಚ್ಚಿ ಪರ್ಸಿ ಜಾಕ್ಸನ್ ಕೊಡುತ್ತೇನೆ. ರಿಕ್ ರಿಯೋರ್ಡನ್ ಬರೆದ ಈ ಸರಣಿಯ ಮೊದಲ ಪುಸ್ತಕ 'ದಿ ಲೈಟ್ನಿಂಗ್ ಥೀಫ್' ಬಂದಿದ್ದು 2005ರಲ್ಲಿ. ಐದು ಪುಸ್ತಕ, 2009ಕ್ಕೆ ಮುಗಿಯಿತು. ರಿಯೋರ್ಡನ್ ಟೆಕ್ಸಾಸಿನಲ್ಲಿ ಮೇಷ್ಟರಾಗಿದ್ದವರು. ಅವರ ಮಗನಿಗೆ ಓದಲು ತೊಡಕಾಗುವ ಡಿಸ್ಲೆಕ್ಸಿಯಾ, ಒಂದು ಕಡೆ ಗಮನ ನಿಲ್ಲದ ಎಡಿಎಚ್‌ಡಿ ಎರಡೂ ಇದ್ದವು. ರಾತ್ರಿ ಮಲಗುವಾಗ ಮಗನಿಗೆ ಗ್ರೀಕ್ ಪುರಾಣ ಹೇಳುತ್ತಿದ್ದರು. ಹೇಳುವ ಕಥೆಗಳು ಖಾಲಿಯಾದಾಗ ಹೊಸದೊಂದು ಕಟ್ಟಿದರು. ಅದರ ನಾಯಕನಿಗೂ ಅದೇ ಎರಡು ತೊಂದರೆ ಇಟ್ಟರು. ಪರ್ಸಿಗೆ ಅಕ್ಷರ ತೇಲುವುದು ಯಾಕೆ? ಅವನ ತಲೆ ಪ್ರಾಚೀನ ಗ್ರೀಕ್ ಓದಲು ಆಗಿದ್ದು, ಅದಕ್ಕೇ ಇಂಗ್ಲಿಷ್ ಹತ್ತುವುದಿಲ್ಲ! ಒಂದು ಕಡೆ ಸುಮ್ಮನೆ ಕೂರಲು ಆಗದಿರುವುದು ಯಾಕೆ? ಯುದ್ಧಭೂಮಿಯಲ್ಲಿ ಜೀವ ಉಳಿಸುವ ಚುರುಕುತನ ಅದು. ಓದಲು ಒದ್ದಾಡುವ ಮಗುವಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಕೊಟ್ಟ ಅಪ್ಪ ನನಗಂತೂ ಗೊತ್ತಿಲ್ಲ.

ಮೊದಲ ಅಧ್ಯಾಯದಲ್ಲೇ ಮ್ಯೂಸಿಯಂ ನೋಡಲು ಹೋದಾಗ ಗಣಿತದ ಟೀಚರ್ ರೆಕ್ಕೆ ಬಂದು ರಾಕ್ಷಸಿಯಾಗುತ್ತಾರೆ. ಆಮೇಲೆ ಮೆಡ್ಯೂಸಾ ಬರುತ್ತಾಳೆ, ಗ್ರೀಕ್ ಪುರಾಣದಲ್ಲಿ ತನ್ನನ್ನು ನೋಡಿದವರನ್ನು ಕಲ್ಲಾಗಿಸುವವಳು. ಹೆದ್ದಾರಿ ಪಕ್ಕ ಕಲ್ಲಿನ ಬೊಂಬೆ ಮಾರುವ ಅಂಗಡಿ ಇಟ್ಟುಕೊಂಡಿದ್ದಾಳೆ, ಹಸಿದು ಬಂದ ಮಕ್ಕಳಿಗೆ ಬರ್ಗರ್ ಕೊಡುತ್ತಾಳೆ. ಬೊಂಬೆಗಳೆಲ್ಲ ಯಾರು ಅಂತ ಮಕ್ಕಳಿಗಿಂತ ಮೊದಲು ಓದುಗರಿಗೆ ಹೊಳೆಯುತ್ತದೆ. ಪುಟ್ಟಿ ಅಲ್ಲಿ "ಎದ್ದು ಓಡ್ರೋ" ಅಂತ ಪುಸ್ತಕಕ್ಕೇ ಕೂಗಿದಳಂತೆ. ಐದೂ ಪುಸ್ತಕ ಒಂದೇ ದಸರಾ ರಜೆಯಲ್ಲಿ ಮುಗಿದವು.

ಈ ಲೋಕ ನಮಗೆ ಹತ್ತಿರ. ದೇವರಿಗೂ ಮನುಷ್ಯರಿಗೂ ಹುಟ್ಟಿದ ಮಕ್ಕಳ ಕಥೆ ಅಂದ ಕೂಡಲೇ ನಮ್ಮ ದೊಡ್ಡಮ್ಮ "ಓ, ಕರ್ಣನ ಹಾಗೆ" ಅಂದುಬಿಟ್ಟರು. ನಿಜಕ್ಕೂ ಅಷ್ಟೇ. ಪರ್ಸಿಗೆ ಶಕ್ತಿ ಹುಟ್ಟಿನಿಂದ ಬಂದಿದ್ದು. ಆದರೆ ಬೇಕಾದಾಗ ಅಪ್ಪ ಇರುವುದಿಲ್ಲ. ತಮಾಷೆಯ ಕೆಳಗೆ ಆ ಸಿಟ್ಟು ಸಣ್ಣಗೆ ಕುದಿಯುತ್ತಾ ಇರುತ್ತದೆ. ಕೊರತೆ ಹೇಳಬೇಕೆಂದರೆ, ಅಮೆರಿಕದ ಮಕ್ಕಳ ಆಡುಮಾತು ಜಾಸ್ತಿ, ಮತ್ತು ಮೂರನೇ ಪುಸ್ತಕದ ಹೊತ್ತಿಗೆ ನನ್ನಂಥ ದೊಡ್ಡವರಿಗೆ ಅದೇ ಓಟ ಅದೇ ಹೊಡೆದಾಟ ಅನ್ನಿಸುತ್ತದೆ. ಮಕ್ಕಳಿಗೆ ಹಾಗೆ ಅನ್ನಿಸುವುದಿಲ್ಲ.

ಇದೇ ಅಚ್ಚಿನಲ್ಲಿ ನಮ್ಮ ಮಹಾಭಾರತ ಬೇಕು ಅನ್ನುವವರಿಗೆ ರೋಶನಿ ಚೋಕ್ಷಿಯ 'ಅರು ಶಾ' ಸರಣಿ ಇದೆ. 2018ರಲ್ಲಿ ಶುರು, ಐದು ಪುಸ್ತಕ. ಅಟ್ಲಾಂಟಾದ ಹುಡುಗಿಯೊಬ್ಬಳು ಸಹಪಾಠಿಗಳ ಮುಂದೆ ಜಂಬ ಕೊಚ್ಚಲು ಹೋಗಿ ಹಚ್ಚಬಾರದ ದೀಪ ಹಚ್ಚುತ್ತಾಳೆ. ಪಾಂಡವರು ಈ ಕಾಲದ ಹುಡುಗಿಯರಾಗಿ ಹುಟ್ಟಿರುತ್ತಾರೆ. ಅಮೆರಿಕದಲ್ಲೋ ಲಂಡನ್ನಿನಲ್ಲೋ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಇದನ್ನೇ ಮೊದಲು ಕೊಡಿ. ಊರಿನಲ್ಲಿ ಯಕ್ಷಗಾನ ನೋಡಿ ಬೆಳೆದವರಿಗೆ ಮಾತ್ರ ಸ್ವಲ್ಪ ಬೇಜಾರು. ಗೊತ್ತಿರುವುದನ್ನೇ ನಿಂತು ನಿಂತು ವಿವರಿಸುತ್ತಾರೆ.

ಅರ್ತ್‌ಸೀ: ಇನ್ನೂರು ಪುಟದ ಸಮುದ್ರ

ಈಗ ನನ್ನ ಪಕ್ಷಪಾತ ಒಪ್ಪಿಕೊಳ್ಳುತ್ತೇನೆ. ಅರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ 'ಎ ವಿಝರ್ಡ್ ಆಫ್ ಅರ್ತ್‌ಸೀ' ಬಗ್ಗೆ ನನ್ನ ಹತ್ತಿರ ಸಮತೂಕದ ಮಾತು ಕೇಳಬೇಡಿ.

ಗಾಂಟ್ ಅನ್ನುವ ದ್ವೀಪದಲ್ಲಿ ಆಡು ಕಾಯುವ ಹುಡುಗ. ತಾಯಿ ಇಲ್ಲ. ಚಿಕ್ಕಮ್ಮ ಊರಿನ ಮಾಟಗಾತಿ. ಒಂದು ದಿನ ಅವಳು ಆಡನ್ನು ಕರೆಯಲು ಬಳಸಿದ ಮಾತನ್ನು ಕದ್ದು ಕೇಳಿಸಿಕೊಂಡು, ಅರ್ಥ ಗೊತ್ತಿಲ್ಲದೆ ತಾನೂ ಹೇಳುತ್ತಾನೆ. ಆಡುಗಳು ಬರುತ್ತವೆ. ಎಲ್ಲ ಆಡುಗಳೂ ಬರುತ್ತವೆ. ಮೈಗೆ ಮೈ ಒತ್ತಿ ಸುತ್ತ ನಿಂತುಬಿಡುತ್ತವೆ. ಓಡಿದರೆ ಅವೂ ಓಡುತ್ತವೆ. ಕೊಂಬುಗಳ ನಡುವೆ ಸಿಕ್ಕಿಕೊಂಡು ಅಳುತ್ತಾ ಊರಿಗೆ ಬರುತ್ತಾನೆ. ಕರೆಯಲು ಬಂತು, ಕಳಿಸಲು ಬರಲಿಲ್ಲ. ಇಡೀ ಕಾದಂಬರಿ ಈ ಒಂದು ದೃಶ್ಯದೊಳಗೆ ಮಡಚಿ ಇಟ್ಟ ಹಾಗಿದೆ. ಮುಂದೆ ಅದೇ ಹುಡುಗ ಗೆಡ್ ಮಾಂತ್ರಿಕರ ಶಾಲೆಯಲ್ಲಿ ಜಂಬಕ್ಕೆ ಬಿದ್ದು ಕರೆಯಬಾರದ್ದನ್ನು ಕರೆಯುತ್ತಾನೆ. ಅದೂ ಬರುತ್ತದೆ. ಕಳಿಸಲು ಆಗುವುದಿಲ್ಲ.

ಮಾಯೆಗೆ ಬೆಲೆ ಏನು ಅನ್ನುವ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರ ಕೊಟ್ಟ ಪುಸ್ತಕ ಇನ್ನೊಂದಿಲ್ಲ. ಇಲ್ಲಿ ಮಳೆ ಕರೆದರೆ ಇನ್ನೆಲ್ಲೋ ಬರ ಬರಬಹುದು. ಗಿಡುಗವಾಗಿ ಹಾರುತ್ತಾ ಬಹಳ ಹೊತ್ತು ಇದ್ದರೆ ಮನುಷ್ಯನ ಬುದ್ಧಿಯೇ ಮರೆತುಹೋಗುತ್ತದೆ. ಹೂವಿನ ಮರದ ಹುಡುಗಿಯ ಕಥೆ ಕೇಳಿ ಬೆಳೆದ ಕಿವಿಗೆ ಇದು ಪರಕೀಯ ಅನ್ನಿಸುವುದೇ ಇಲ್ಲ. ಹೆಸರಿನ ವಿಷಯವೂ ಹಾಗೇ. ಹದಿಮೂರು ತುಂಬಿದ ದಿನ ತಣ್ಣನೆಯ ಹೊಳೆ ದಾಟಿಸಿ, ಗುರು ಅವನ ನಿಜವಾದ ಹೆಸರನ್ನು ಕಿವಿಯಲ್ಲಿ ಹೇಳುತ್ತಾನೆ. ಆ ಹೆಸರು ಗೊತ್ತಿದ್ದವರ ಕೈಯಲ್ಲಿ ಅವನ ಜೀವ.

ಇನ್ನೊಂದು ಸಂಗತಿ ನನಗೆ ತಡವಾಗಿ ಗೊತ್ತಾಗಿದ್ದು. ಗೆಡ್‌ನ ಮೈಬಣ್ಣ ಕೆಂಪು ಬೆರೆತ ಕಂದು. ಆ ದ್ವೀಪಗಳ ಜನ ಹೆಚ್ಚಿನವರು ಕಂದು, ಕಪ್ಪು. ದಂಡೆತ್ತಿ ಬರುವವರು ಬಿಳಿಯರು. ಲೆ ಗ್ವಿನ್ ಬೇಕೆಂದೇ ಹಾಗೆ ಬರೆದಿದ್ದರು. ಆದರೂ ಮುಖಪುಟದಲ್ಲಿ ಬಿಳಿ ಹುಡುಗ ಬರುತ್ತಿದ್ದ. 2004ರ ಟಿವಿ ಸರಣಿಯಲ್ಲೂ ಅದೇ ಆಯಿತು. ಅವರು ಸುಮ್ಮನಿರಲಿಲ್ಲ, ಆಕ್ಷೇಪಿಸಿ ಬರೆದರು.

ಇಷ್ಟೆಲ್ಲ ಹೊಗಳಿದ ಮೇಲೆ ಎಚ್ಚರಿಕೆ. ಇಲ್ಲಿ ಮಾತುಕತೆ ಕಡಿಮೆ, ನಗು ಇನ್ನೂ ಕಡಿಮೆ. ಪದಗಳು ಸುಲಭ, ವಾಕ್ಯಗಳು ಹಳೆಯ ಕಾಲದ ಕಥನದ ಹಾಗೆ ಸಾಗುತ್ತವೆ. ಅಜ್ಜಿ ಹೇಳುವ ಕಥೆಯನ್ನು ಬಾಯಿ ಹಾಕದೆ ಕೇಳುತ್ತಿದ್ದ ಮಗುವಿಗೆ ಇದು ಹಿಡಿಸುತ್ತದೆ. ರೀಲ್ಸ್ ನೋಡುತ್ತಾ ಮಧ್ಯೆ ಎರಡು ಪುಟ ಓದುವವರಿಗೆ ಹಿಡಿಸುವುದಿಲ್ಲ. ಒಂದು ಅನುಕೂಲ, ಪುಸ್ತಕ ಸುಮಾರು 200 ಪುಟ ಅಷ್ಟೇ, ಮತ್ತು ಕಥೆ ಅಲ್ಲಿಗೇ ಮುಗಿಯುತ್ತದೆ. ಮುಂದಿನದು ಬೇಕಿದ್ದರೆ ಓದಬಹುದು, ಬೇಡದಿದ್ದರೆ ನಷ್ಟ ಇಲ್ಲ.

ಪುಟ್ಟಿಯ ತಕರಾರು ಬೇರೆಯೇ ಇತ್ತು. "ಚಿಕ್ಕಿ, ಆ ಶಾಲೆಯಲ್ಲಿ ಒಬ್ಬಳೇ ಒಬ್ಬ ಹುಡುಗಿ ಇಲ್ವಲ್ಲ?" ನಾನು ಹತ್ತು ಸಲ ಓದಿದ್ದೇನೆ, ಒಂದು ಸಲವೂ ಕೇಳಿಕೊಂಡಿರಲಿಲ್ಲ. ಲೆ ಗ್ವಿನ್ ಅವರಿಗೇ ಈ ಪ್ರಶ್ನೆ ಕಾಡಿದೆ. 1990ರಲ್ಲಿ ಅವರು 'ತೆಹಾನು' ಬರೆದು ಅದೇ ಲೋಕವನ್ನು ಹೆಂಗಸರ ಕಡೆಯಿಂದ, ಅಡುಗೆಮನೆ ಮತ್ತು ಆಡಿನ ಕೊಟ್ಟಿಗೆಯ ಕಡೆಯಿಂದ ಮತ್ತೆ ನೋಡಿದರು. ಅದನ್ನು ಹದಿಮೂರಕ್ಕೆ ಕೊಡಬೇಡಿ. ಹದಿನಾರು ದಾಟಲಿ. ಎರಡನೆಯದಾದ 'ದಿ ಟೂಂಬ್ಸ್ ಆಫ್ ಅಟುವಾನ್' ಮಾತ್ರ ತಕ್ಷಣ ಕೊಡಬಹುದು. ಕತ್ತಲ ಸುರಂಗಗಳ ಒಡತಿಯಾಗಿ ಬೆಳೆದ ಹುಡುಗಿಯ ಕಥೆ. ಪುಟ್ಟಿಗೆ ಮೊದಲನೆಯದಕ್ಕಿಂತ ಅದೇ ಇಷ್ಟ. ಈ ಜಗಳ ಇನ್ನೂ ಮುಗಿದಿಲ್ಲ.

ಪುಲ್‌ಮನ್: ನಾನು ಬೇಗ ಕೊಟ್ಟ ಪುಸ್ತಕ

'ನಾರ್ದರ್ನ್ ಲೈಟ್ಸ್' ಬಂದಿದ್ದು 1995ರಲ್ಲಿ. ಬ್ರಿಟನ್ನಿನ ಕಾರ್ನೆಗಿ ಪದಕ ಪಡೆಯಿತು. ಮೂರು ಪುಸ್ತಕಗಳ ಸರಣಿ, ಕೊನೆಯದು 2000ದಲ್ಲಿ. ಈ ಲೋಕದಲ್ಲಿ ಪ್ರತಿ ಮನುಷ್ಯನ ಜೀವದ ಒಂದು ಭಾಗ ಪ್ರಾಣಿಯ ರೂಪದಲ್ಲಿ ಹೊರಗೇ ಇರುತ್ತದೆ. ಅದಕ್ಕೆ ಡೀಮನ್ ಅಂತ ಹೆಸರು. ಮಕ್ಕಳ ಡೀಮನ್ ಗಳಿಗೆಗೊಂದು ರೂಪ ತಾಳುತ್ತದೆ, ಈಗ ಪತಂಗ, ಆಮೇಲೆ ಬೆಕ್ಕು. ದೊಡ್ಡವರಾಗುವ ಹೊತ್ತಿಗೆ ಒಂದು ರೂಪದಲ್ಲಿ ನಿಂತುಬಿಡುತ್ತದೆ. ಹದಿಹರೆಯ ಅಂದರೆ ಏನು ಅಂತ ಪಾಠ ಮಾಡದೆ ಹೇಳಲು ಇದಕ್ಕಿಂತ ಒಳ್ಳೆಯ ಉಪಾಯ ಸಿಕ್ಕೀತಾ?

ಪುಸ್ತಕದ ನಡುವೆ ಒಂದು ಗುಡಿಸಲು ಬರುತ್ತದೆ. ಒಳಗೆ ಒಬ್ಬ ಹುಡುಗ. ಅವನ ಡೀಮನ್ ಅನ್ನು ಯಾರೋ ಕತ್ತರಿಸಿ ಬೇರೆ ಮಾಡಿದ್ದಾರೆ. ಅವನು ಒಂದು ಒಣಮೀನನ್ನು ಎದೆಗೆ ಅವಚಿಕೊಂಡು ಕೂತಿದ್ದಾನೆ. ಅಷ್ಟೇ. ನಾನು ಆ ಪುಟ ಓದಿದ್ದು ಮೂವತ್ತರಲ್ಲಿ. ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ವರಾಂಡದಲ್ಲಿ ನಿಂತಿದ್ದೆ.

ಆದರೆ ಆ ಗುಡಿಸಲು ಮುಟ್ಟಬೇಕಾದರೆ ಮೊದಲು ಆಕ್ಸ್‌ಫರ್ಡ್ ದಾಟಬೇಕು. ಕಾಲೇಜಿನ ಕೋಣೆಗಳು, ಪಂಡಿತರ ಚರ್ಚೆ, ಧೂಳು ಅಂದರೆ ಏನು ಅನ್ನುವ ಗುಟ್ಟು. ಕಥೆಯ ನಾಯಕಿ ಲೈರಾ ಕುರ್ಚಿಯ ಹಿಂದೆ ಅಡಗಿ ಕೂತು ವೈನಿಗೆ ವಿಷ ಹಾಕುವುದನ್ನು ನೋಡುವ ಶುರು ಚೆನ್ನಾಗಿಯೇ ಇದೆ. ಆಮೇಲೆ ಐವತ್ತು ಪುಟ ನಿಧಾನ. ಇಂಗ್ಲಿಷ್ ಗಟ್ಟಿ, ಮೇಲಿಂದ ಪುಲ್‌ಮನ್ ಹೊಸ ಪದ ಹುಟ್ಟಿಸಿ ಅರ್ಥ ಹೇಳದೆ ಮುಂದೆ ಹೋಗುತ್ತಾರೆ. ಮೂರನೇ ಪುಸ್ತಕದಲ್ಲಿ ದೇವರು, ಧರ್ಮಸಂಸ್ಥೆ ಬಗ್ಗೆ ಕಟುವಾದ ಪ್ರಶ್ನೆಗಳಿವೆ. ಪ್ರಶ್ನೆ ಕೇಳುವ ಚಟ ಇರುವ ಹದಿನೈದರವರಿಗೆ ಇದು ಹಬ್ಬದೂಟ. ಹದಿಮೂರಕ್ಕೆ ಕಿಟಕಿಗೆ ಒತ್ತಿಡುವ ಕಲ್ಲು.

ಅರ್ತ್‌ಸೀ, ಇದು, ಎರಡರಲ್ಲಿ ಒಂದು ಅಂದರೆ ಹೀಗೆ ಹೇಳುತ್ತೇನೆ. ಒಬ್ಬಳೇ ಕೂತು ಮೌನವಾಗಿ ಯೋಚಿಸುವವಳಿಗೆ ಲೆ ಗ್ವಿನ್. ಊಟಕ್ಕೆ ಕೂತಾಗ "ಯಾಕೆ, ಯಾಕೆ" ಅಂತ ಎಲ್ಲರ ತಲೆ ತಿನ್ನುವವಳಿಗೆ ಪುಲ್‌ಮನ್.

ಕೊಳ್ಳುವಾಗ ಒಂದು ಜಾಗ್ರತೆ. ಇದೇ ಪುಸ್ತಕ ಅಮೆರಿಕದಲ್ಲಿ 'ದಿ ಗೋಲ್ಡನ್ ಕಂಪಾಸ್' ಅಂತ ಬಂದಿದೆ. ನಾನು ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಹಳೆಯ ಪುಸ್ತಕ ಹುಡುಕುತ್ತಾ ಎರಡನ್ನೂ ಬೇರೆ ಬೇರೆ ಭಾಗ ಅಂದುಕೊಂಡು ಹೊತ್ತು ತಂದೆ. ಮನೆಗೆ ಬಂದು ಮೊದಲ ಸಾಲು ಓದಿದಾಗ ಮುಖ ಸಣ್ಣಗಾಯಿತು.

ಭಯ ಬೇಕು ಅನ್ನುವವರಿಗೆ, ನಗು ಬೇಕು ಅನ್ನುವವರಿಗೆ

ಆಸ್ಟ್ರೇಲಿಯಾದ ಗಾರ್ತ್ ನಿಕ್ಸ್ ಬರೆದ 'ಸೇಬ್ರಿಯಲ್' ಕೂಡ 1995ರದ್ದೇ. ನಮ್ಮಲ್ಲಿ ಅಷ್ಟಾಗಿ ಯಾರೂ ಇದರ ಮಾತೆತ್ತುವುದಿಲ್ಲ. ಸತ್ತವರನ್ನು ಎಬ್ಬಿಸುವವರ ಕಥೆ ಬೇಕಾದಷ್ಟಿದೆ. ಇದು ಎದ್ದವರನ್ನು ವಾಪಸ್ ಮಲಗಿಸುವವಳ ಕಥೆ. ಸೇಬ್ರಿಯಲ್ ಎದೆಗೆ ಅಡ್ಡವಾಗಿ ಒಂದು ಪಟ್ಟಿ ಕಟ್ಟಿಕೊಳ್ಳುತ್ತಾಳೆ, ಅದರಲ್ಲಿ ಏಳು ಗಂಟೆಗಳು. ಅತಿ ಸಣ್ಣದು ರಾನಾ, ಕೇಳಿದವರಿಗೆ ನಿದ್ದೆ. ಮೊಸ್ರೇಲ್ ಎಬ್ಬಿಸುತ್ತದೆ. ಕಿಬೆತ್ ನಡೆಸುತ್ತದೆ. ಕೊನೆಯದು, ಎಲ್ಲಕ್ಕಿಂತ ದೊಡ್ಡದು, ಅಸ್ಟರೇಲ್. ಅದನ್ನು ಬಾರಿಸಿದರೆ ಕೇಳಿದವರೆಲ್ಲ ಸಾವಿನೊಳಗೆ ಹೋಗುತ್ತಾರೆ, ಬಾರಿಸಿದವರೂ ಸೇರಿ. ಏಳನೇ ಗಂಟೆಯ ವಿಷಯ ಓದಿದ ಮೇಲೆ, ಅದು ಯಾವಾಗ ಬಾರಿಸುತ್ತದೋ ಅಂತ ಕಿವಿ ಕಾಯುತ್ತಲೇ ಇರುತ್ತದೆ. ಸಾವು ಇಲ್ಲಿ ಒಂದು ತಣ್ಣನೆಯ ನದಿ, ಅದಕ್ಕೆ ಒಂಬತ್ತು ಬಾಗಿಲು. ಪುಟ್ಟಿಯ ಅಜ್ಜಿಗೆ ಹೇಳಿದಾಗ "ವೈತರಣಿ" ಅಂದು ವೀಳ್ಯದ ಎಲೆ ಮಡಚುತ್ತಾ ಕೂತರು. ಅವರಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

ಹದಿನಾಲ್ಕರ ಮೇಲೆ ಕೊಡಿ. ರಾತ್ರಿ ದೀಪ ಹಾಕಿಕೊಂಡೇ ಮಲಗುವ ಮಗುವಾದರೆ ಇನ್ನೂ ಸ್ವಲ್ಪ ತಡೆಯಿರಿ. ಮೊದಲ ಪುಸ್ತಕ ತನ್ನಷ್ಟಕ್ಕೆ ಪೂರ್ಣ.

ನಗು ಬೇಕಾದರೆ ಡಯಾನಾ ವಿನ್ ಜೋನ್ಸ್ ಅವರ 'ಹೌಲ್ಸ್ ಮೂವಿಂಗ್ ಕ್ಯಾಸಲ್', 1986. ಟೋಪಿ ಅಂಗಡಿಯ ಸೋಫಿ ಶಾಪದಿಂದ ಮುದುಕಿಯಾಗುತ್ತಾಳೆ. ಮುದುಕಿಯಾದ ಮೇಲೆ ಅವಳಿಗೆ ಬಾಯಿ ಬರುತ್ತದೆ! ಹುಡುಗಿಯಾಗಿದ್ದಾಗ ನುಂಗಿಕೊಂಡಿದ್ದನ್ನೆಲ್ಲ ಈಗ ಗದರಿಸಿ ಹೇಳುತ್ತಾಳೆ. ಹೆಸರುವಾಸಿ ಮಾಂತ್ರಿಕನೊಬ್ಬ ಕೂದಲ ಬಣ್ಣ ಕೆಟ್ಟಿತು ಅಂತ ಮೈಯೆಲ್ಲ ಹಸಿರು ಲೋಳೆ ಸುರಿಸಿಕೊಂಡು ರಂಪ ಮಾಡಿದರೆ, ಅವಳು ಬೈಯುತ್ತಾ ತೊಳೆಯಲು ನಿಲ್ಲುತ್ತಾಳೆ. ನಮ್ಮ ಮನೆಗಳ ಅಜ್ಜಿಯರು ನೆನಪಾಗದೆ ಇರುವುದಿಲ್ಲ. ಇದೇ ಕಥೆ ಇಟ್ಟುಕೊಂಡು ಜಪಾನಿನ ನಿರ್ದೇಶಕ ಮಿಯಾಝಾಕಿ ಮಾಡಿದ 2004ರ ಅನಿಮೇಷನ್ ಸಿನಿಮಾ ನೋಡಿದವರೂ ಧಾರಾಳವಾಗಿ ಓದಬಹುದು. ಅರ್ಧದಿಂದ ಮುಂದೆ ಅದು ಬೇರೆಯೇ ಕಥೆ.

ಟೆರಿ ಪ್ರ್ಯಾಚೆಟ್‌ನ 'ದಿ ವೀ ಫ್ರೀ ಮೆನ್' ಇನ್ನೂ ಜಾಸ್ತಿ ನಗಿಸುತ್ತದೆ. ಒಂಬತ್ತು ವರ್ಷದ ಟಿಫನಿ ತಮ್ಮನನ್ನೇ ಎರೆಯಾಗಿ ಹೊಳೆದಂಡೆಯಲ್ಲಿ ಕೂರಿಸಿ, ನೀರಿನಿಂದ ಎದ್ದ ರಾಕ್ಷಸಿಗೆ ಬಾಣಲೆಯಲ್ಲಿ ಬಾರಿಸುತ್ತಾಳೆ. ಆದರೆ ಅಲ್ಲಿನ ಆರಿಂಚಿನ ನೀಲಿ ಕುಳ್ಳರು ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಕಿರುಚುತ್ತಾರೆ. ಇಂಗ್ಲಿಷ್ ಪಳಗದವರಿಗೆ ಅದು ಕಬ್ಬಿಣದ ಕಡಲೆ. ಜೋರಾಗಿ ಓದಿ ಹೇಳುವವರು ಯಾರಾದರೂ ಮನೆಯಲ್ಲಿದ್ದರೆ ಮಾತ್ರ ತನ್ನಿ.

ಹದಿನಾರರ ಕಪಾಟು

ಹದಿನೈದು ಹದಿನಾರು ಆದವರಿಗೆ ಲೀ ಬಾರ್ಡುಗೋ ಅವರ 'ಸಿಕ್ಸ್ ಆಫ್ ಕ್ರೋಸ್' ಹೇಳುತ್ತೇನೆ. 2015ರದ್ದು. ಮುಂದಿನ ವರ್ಷ ಬಂದ 'ಕ್ರುಕೆಡ್ ಕಿಂಗ್‌ಡಮ್' ಸೇರಿ ಎರಡೇ ಪುಸ್ತಕ. ಆರು ಜನ ಪುಂಡರು ಸೇರಿ ಯಾರೂ ಒಳಗೆ ಹೋಗಲಾಗದ ಕೋಟೆಗೆ ಕನ್ನ ಹಾಕುವ ಕಥೆ. ಹೆಸರುಗಳು, ಊರುಗಳು, ಗ್ಯಾಂಗುಗಳು ಒಮ್ಮೆಗೇ ಬಂದು ಬೀಳುತ್ತವೆ. ಅಧ್ಯಾಯಕ್ಕೊಬ್ಬರ ಕಣ್ಣಿನಿಂದ ಕಥೆ ಸಾಗುವುದರಿಂದ ಮೊದಲ ಅರವತ್ತು ಪುಟ ತಲೆ ಗಿರ್ರೆನ್ನುತ್ತದೆ. ಹಿಡಿತ ಸಿಕ್ಕಿದ ಮೇಲೆ ಊಟ ಬಿಟ್ಟು ಓದಿಸುತ್ತದೆ. ಹೆಣ್ಣುಮಕ್ಕಳ ಮಾರಾಟದ ವಿಷಯ ಬರುತ್ತದೆ, ರಕ್ತವೂ ಇದೆ. ಹಾಗಾಗಿ ಚಿಕ್ಕವರಿಗೆ ಬೇಡ.

ಮನೆಯವರು ಗಮನಿಸಬೇಕಾದ್ದು ಒಂದಿದೆ. ಡ್ರ್ಯಾಗನ್ನು, ಕಿರೀಟ, ಹೂಬಳ್ಳಿ ಇರುವ ಮುಖಪುಟ ಕಂಡ ಕೂಡಲೇ ಮಕ್ಕಳದ್ದು ಅಂದುಕೊಳ್ಳಬೇಡಿ. ಸಾರಾ ಜೆ. ಮಾಸ್ ಅವರ 'ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್' 2015ರಲ್ಲಿ ವೈಎ ಅಂತಲೇ ಬಂತು. 2020ರಲ್ಲಿ ಹೊಸ ಹೊದಿಕೆ ತೊಟ್ಟು ದೊಡ್ಡವರ ಪುಸ್ತಕವಾಯಿತು. ಒಳಗಿರುವುದು ದೊಡ್ಡವರ ಪ್ರಣಯವೇ. 'ಫೋರ್ತ್ ವಿಂಗ್' ಅನ್ನುವ ಕಾದಂಬರಿಯ ಒಳಗಿರುವುದೂ ಅದೇ. ಕಸಿದುಕೊಳ್ಳಿ ಅನ್ನುತ್ತಿಲ್ಲ. ಹದಿಮೂರರ ಹುಟ್ಟುಹಬ್ಬಕ್ಕೆ ಗೊತ್ತಿಲ್ಲದೆ ಪ್ಯಾಕ್ ಮಾಡಿಸಬೇಡಿ ಅಷ್ಟೇ.

ಸರಣಿ ಪೂರ್ತಿ ಒಟ್ಟಿಗೆ ಕೊಳ್ಳುವುದೂ ಬೇಡ. ಡಬ್ಬಿ ಸೆಟ್ಟು ಅಗ್ಗ ಅನ್ನಿಸುತ್ತದೆ, ನಿಜ. ಮೊದಲನೆಯದು ಹಿಡಿಸದಿದ್ದರೆ ಉಳಿದ ನಾಲ್ಕು ಮಗುವಿನ ಮೇಲೆ ಸಾಲದ ಹಾಗೆ ಕೂರುತ್ತವೆ. ಒಂದು ತನ್ನಿ, ಸಾಧ್ಯವಾದರೆ ಸೆಕೆಂಡ್ ಹ್ಯಾಂಡ್.

ಓದಿದ ಮೇಲೆ ನಾಲ್ಕು ಸಾಲು

ಪುಟ್ಟಿಗೂ ನನಗೂ ಒಂದೊಂದು ಲಾಂಗ್ ನೋಟ್‌ಬುಕ್ ಇದೆ. ಪುಸ್ತಕ ಮುಗಿದ ದಿನ ಬರೆಯಬೇಕು, ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಬೇಕು. ಶುರುವಿನಲ್ಲಿ ಅವಳು ಕಥೆಯ ಸಾರಾಂಶ ಬರೆಯುತ್ತಿದ್ದಳು, ಪರೀಕ್ಷೆಗೆ ಬರೆದ ಹಾಗೆ. ಓದಲು ನನಗೂ ಬೇಜಾರು, ಬರೆಯಲು ಅವಳಿಗೂ. ಆಮೇಲೆ ನಿಯಮ ಬದಲಾಯಿಸಿದೆವು. ಕಥೆ ಬರೆಯುವ ಹಾಗಿಲ್ಲ. ಎಲ್ಲಿ ನಿಲ್ಲಿಸಿದೆ, ಯಾಕೆ? ಮಾಯೆಗೆ ಯಾರು ಬೆಲೆ ಕೊಟ್ಟರು? ಯಾರ ಜೊತೆ ಜಗಳ ಆಡಬೇಕು ಅನ್ನಿಸಿತು? ಇಷ್ಟೇ.

ಆಗ ಬರಹ ಬಂತು ನೋಡಿ. ಕನ್ನಡ, ಇಂಗ್ಲಿಷ್ ಎರಡೂ ಕಲಸಿ, ಕಾಗುಣಿತ ಎಲ್ಲೆಲ್ಲೋ. ಗೆಡ್ ಬಗ್ಗೆ ಅವಳು ಬರೆದಿದ್ದು: "ಇವನು ನಮ್ಮ ಕ್ಲಾಸಿನ ಫಸ್ಟ್ ರ‍್ಯಾಂಕ್ ಹುಡುಗನ ಥರ. ಬುದ್ಧಿ ಇದೆ, ಸಾರಿ ಕೇಳಕ್ಕೆ ಬರಲ್ಲ." ನಾನು ಅದೇ ಪುಸ್ತಕದ ಬಗ್ಗೆ ಎರಡು ಪುಟ ಬರೆದಿದ್ದೆ. ಈಗ ಅದನ್ನು ಯಾರಿಗೂ ತೋರಿಸುವುದಿಲ್ಲ.

ಪುಲ್‌ಮನ್ ಪುಸ್ತಕವನ್ನು ಅವಳು ಕಿಟಕಿಯಿಂದ ತೆಗೆದಿದ್ದು ಹದಿನೈದು ದಾಟಿದ ಮೇಲೆ. ನಾನು ಹೇಳಿರಲಿಲ್ಲ. ಹನ್ನೊಂದು ದಿನ ಹಿಡಿಯಿತಂತೆ. ನೋಟ್‌ಬುಕ್ಕಿನ ಫೋಟೊ ಬಂದಾಗ ಅದರಲ್ಲಿ ಇದ್ದಿದ್ದು ಒಂದೇ ಸಾಲು: "ಒಣಮೀನು. ಅದರ ಬಗ್ಗೆ ಈಗ ಮಾತಾಡಲ್ಲ."

ಕಳೆದ ತಿಂಗಳು ಫೋನ್ ಮಾಡಿದಾಗ ಆ ಪುಸ್ತಕ ಎಲ್ಲಿ ಅಂತ ಕೇಳಿದೆ. ಎಂಟನೇ ಕ್ಲಾಸಿನ ಪಕ್ಕದ ಮನೆಯ ಹುಡುಗಿ ಕೇಳಿದ್ದಳಂತೆ, ಇವಳು ಕೊಡಲಿಲ್ಲ. ಪರ್ಸಿ ಕೊಟ್ಟು ಕಳಿಸಿದ್ದಾಳೆ. ಪುಲ್‌ಮನ್ ಹೋಗಿರುವುದು ಇವಳ ಕ್ಲಾಸಿನ ಗೆಳತಿಯ ಕೈಗೆ.

"ಟಿಕೆಟ್ ಬಿಸಾಡಿದ್ಯಾ?" ಅಂದೆ.

"ಇಲ್ಲ ಚಿಕ್ಕಿ, 37ರಲ್ಲೇ ಇಟ್ಟಿದೀನಿ. ಹಿಂದುಗಡೆ ಬರೆದಿದೀನಿ, ಇಲ್ಲಿ ಬಿಡಬೇಡ ಅಂತ."